ಸ್ಕ್ಯಾನರ್ ನಮ್ಮದು, ಬೀಗ ಕಂಪನಿಯದು

ಸಂಪಾದಕರಿಗೆ ನಮಸ್ಕಾರ.

ಹಲ್ಲಿನ ಕ್ಯಾಪ್‌ಗಾಗಿ ಜನರನ್ನು ಸುಮ್ನೆ ಅಲೆಸುತ್ತಾರೆ, ಕೇಳಿದರೆ ‘ಲ್ಯಾಬಿನಿಂದ ಇನ್ನೂ ಬಂದಿಲ್ಲ’ ಅಂತಾರೆ ಎಂದು ಹಾವೇರಿ ಕಡೆಯ ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರು ಬರೆದದ್ದು ಸುಳ್ಳಲ್ಲ. ಆ ‘ಲ್ಯಾಬ್’ ನಮ್ಮಂಥವರದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆ ಹಿಡಿದು ನಾನು ಡೆಂಟಲ್ ಲ್ಯಾಬ್ ನಡೆಸುತ್ತೇನೆ. ಗದಗ, ಹಾವೇರಿಯ ಡಾಕ್ಟರುಗಳೂ ಬಸ್ಸಿನಲ್ಲಿ ಅಳತೆ, ಅಂದರೆ ಹಲ್ಲಿನ ಅಚ್ಚು, ಕಳಿಸುತ್ತಾರೆ. ಪೇಷಂಟಿಗೆ ನಮ್ಮ ಮುಖ ಗೊತ್ತಿಲ್ಲ, ಆದರೆ ತಡವಾದಾಗ ಬೈಗುಳ ಮಾತ್ರ ಸರಿಯಾಗಿ ನಮಗೇ ಮುಟ್ಟುತ್ತದೆ. ಅದಕ್ಕೇ ಈ ಪತ್ರ.

ಈಗ ಕ್ಯಾಪ್ ಮಾಡುವ ರೀತಿಯೇ ಬೇರೆ. ಡಾಕ್ಟರು ತೆಗೆದ ಆ ಅಚ್ಚಿಗೆ ಸ್ಟೋನ್ (ಗಟ್ಟಿಯಾಗುವ ಜಿಪ್ಸಮ್ ಕಲಸು) ಸುರಿದು ಮಾಡೆಲ್ ಮಾಡುತ್ತೇವೆ. ಅದನ್ನು ಸ್ಕ್ಯಾನರಿನೊಳಗೆ ಇಟ್ಟರೆ ಒಂದು ಪ್ರೊಜೆಕ್ಟರ್ ಅದರ ಮೇಲೆ ಬೆಳಕಿನ ಪಟ್ಟೆ ಬಿಡುತ್ತದೆ. ಹಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಪಟ್ಟೆ ಸೊಟ್ಟಗಾಗುತ್ತದೆ. ಆ ಸೊಟ್ಟವನ್ನು ಎರಡು ಕ್ಯಾಮೆರಾ ನೋಡುತ್ತವೆ, ಕಂಪ್ಯೂಟರ್ ಲೆಕ್ಕ ಹಾಕಿ ಹಲ್ಲಿನ ಆಕಾರ ಕಟ್ಟುತ್ತದೆ. ಆಮೇಲೆ ಡಿಸೈನ್, ಮಿಲ್ಲಿಂಗ್ (ಝಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್ಕನ್ನು ಮಷೀನಿನಲ್ಲಿ ಕೊರೆಯುವುದು), ಕೊನೆಗೆ ಸುಮಾರು 1500 ಡಿಗ್ರಿ ಕಾವಿನಲ್ಲಿ ಅದನ್ನು ಸುಡುವುದು. ಸುಟ್ಟಾಗ ಅದು ಶೇ 20ರಿಂದ 25ರಷ್ಟು ಕುಗ್ಗುತ್ತದೆ. ಅದಕ್ಕೆ ಲೆಕ್ಕ ಹಾಕಿ ಮೊದಲೇ ದೊಡ್ಡದಾಗಿ ಕೊರೆದಿರುತ್ತೇವೆ.

ಸ್ಕ್ಯಾನ್ ತಪ್ಪಿದರೆ ಮುಂದಿನದೆಲ್ಲ ದಂಡ. ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು 100–120 ಮೈಕ್ರಾನ್ ದಾಟಬಾರದು ಅನ್ನುವುದು ನಮ್ಮ ಕಸುಬಿನ ಲೆಕ್ಕ. ಅಂದರೆ ಮಿಲಿಮೀಟರಿನ ಸುಮಾರು ಹತ್ತನೇ ಒಂದು ಪಾಲು. ಅದಕ್ಕಿಂತ ಜಾಸ್ತಿ ಬಿಟ್ಟರೆ ಸಂದಿನಲ್ಲಿ ಕೊಳೆ, ಬ್ಯಾಕ್ಟೀರಿಯಾ ಸೇರಿ, ಕ್ಯಾಪಿನ ಕೆಳಗೇ ಹಲ್ಲು ಹುಳುಕಾಗಬಹುದು. ನನ್ನ ಕೇಳಿದರೆ, ಪೂರ್ತಿ ನಿಂತುಹೋದ ಸ್ಕ್ಯಾನರಿಗೆ ನಾನು ಅಷ್ಟು ಹೆದರುವುದಿಲ್ಲ. ಚಾಲೂ ಇದ್ದು ಸುಳ್ಳು ಅಳತೆ ಕೊಡುತ್ತದಲ್ಲ, ಅದಕ್ಕೆ ಹೆದರಬೇಕು. ಸ್ಕ್ರೀನಿನ ಮೇಲೆ ಎಲ್ಲ ಚಂದ ಕಾಣುತ್ತದೆ. ಗೊತ್ತಾಗುವುದು ಪೇಷಂಟ್ ಬಾಯಿ ತೆರೆದು ಕೂತಾಗಲೇ.

ಇಂಥ ಮಷೀನನ್ನು ಹುಬ್ಬಳ್ಳಿಯ ಧೂಳಿನಲ್ಲಿ ಸಾಕಬೇಕು. ಹೊರಗಿನ ಧೂಳು ಎಲ್ಲರಿಗೂ ಗೊತ್ತು. ಒಳಗೆ ನಮ್ಮದೇ ಬೇರೆ ಇದೆ: ಸ್ಟೋನ್ ಉಜ್ಜಿದ ಪುಡಿ, ಝಿರ್ಕೋನಿಯಾ ಕೊರೆದ ಪುಡಿ. ಹಾಗಾಗಿ ಸ್ಟೋನ್ ಉಜ್ಜುವ ಟ್ರಿಮ್ಮರ್ ಹಿತ್ತಲಿನಲ್ಲಿ, ಸ್ಕ್ಯಾನರ್ ಒಳಕೋಣೆಯಲ್ಲಿ. ಬೆಳಿಗ್ಗೆ ಲೆನ್ಸಿಗೆ ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯುತ್ತೇವೆ. ಕಂಪ್ರೆಸರ್ ಗಾಳಿ ಬೇಡವೇ ಬೇಡ, ಅದರಲ್ಲಿ ಎಣ್ಣೆಯೂ ನೀರೂ ಬರುತ್ತವೆ. ಮಷೀನ್ ಹಾಕಿ ಅರ್ಧ ತಾಸು ಕಾಯಿಸಿ, ಆಮೇಲೆ ಕ್ಯಾಲಿಬ್ರೇಷನ್, ಅಂದರೆ ಅದರ ಅಳತೆ ಸರಿಹೊಂದಿಸುವುದು. ತಣ್ಣಗಿರುವಾಗ ತೆಗೆದ ಅಳತೆಗೂ ಬಿಸಿಯಾದ ಮೇಲಿನ ಅಳತೆಗೂ ಫರಕು ಬೀಳುತ್ತದೆ. ಕ್ಯಾಲಿಬ್ರೇಷನ್ ಪ್ಲೇಟಿನ ಮೇಲೆ ಸಾಲು ಸಾಲು ಚುಕ್ಕಿ ಇರುತ್ತವೆ. ಒಂದು ಚುಕ್ಕಿಯ ಮೇಲೆ ಬೆವರಿನ ಬೆರಳು ಬಿದ್ದರೂ ಸ್ಕ್ಯಾನರಿನ ಲೆಕ್ಕ ತಪ್ಪಬಹುದು. ಕೆಲಸಕ್ಕೆ ಸೇರಿದ ಹುಡುಗರಿಗೆ ಹಲ್ಲಿನ ಹೆಸರು ಕಲಿಸುವ ಮೊದಲು ಆ ಪ್ಲೇಟನ್ನು ಅಂಚಿನಲ್ಲಿ ಹಿಡಿಯುವುದು ಕಲಿಸುತ್ತೇನೆ. ಸೋಮವಾರ ಬೆಳಿಗ್ಗೆ ಅಳತೆ ಗೊತ್ತಿರುವ ಒಂದು ಡೈ (ಹಲ್ಲಿನಾಕಾರದ ಲೋಹದ ತುಂಡು) ಸ್ಕ್ಯಾನ್ ಮಾಡಿ ತಾಳೆ ನೋಡುತ್ತೇವೆ. ಇದನ್ನು ಯಾವ ಕಂಪನಿಯವರೂ ಹೇಳಿಕೊಟ್ಟಿಲ್ಲ, ಆದರೆ ಪ್ರತಿ ಲ್ಯಾಬಿನವರೂ ಮಾಡಬೇಕು.

ಕರೆಂಟಿನದು ಇನ್ನೊಂದು ಕತೆ. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಕೈಕೊಡುತ್ತದೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಅರ್ಥಿಂಗ್ ಗುಂಡಿಗೆ ನೀರು ಹಾಕುವುದೂ ನಮ್ಮ ಮೆಂಟೇನೆನ್ಸ್‌ನಲ್ಲಿ ಸೇರಿದೆ. ಸ್ಕ್ಯಾನರಿಗೆ ಸದಾ ಸಮನಾದ ಕರೆಂಟ್ ಕೊಡುವ ಆನ್‌ಲೈನ್ ಯುಪಿಎಸ್, ಝಿರ್ಕೋನಿಯಾ ಸುಡುವ ಫರ್ನೇಸಿಗೆ ಬೇರೆ ಲೈನ್.

ಇಷ್ಟೆಲ್ಲ ಮಾಡಿದರೂ ಕಳೆದ ಆಷಾಢದಲ್ಲಿ ಸ್ಕ್ಯಾನರ್ ಕೈಕೊಟ್ಟಿತು. ಮಾಡೆಲ್ ಇಟ್ಟು ಶುರು ಮಾಡಿದರೆ ತುಸು ಹೊತ್ತಿಗೆ ಕ್ಯಾಮೆರಾ ಸಿಗುತ್ತಿಲ್ಲ ಅಂತ ಮೆಸೇಜ್. ಕಂಪನಿಗೆ ಫೋನ್ ಹಚ್ಚಿದೆ. ದೂರು ನಂಬರ್ ಬಂತು, ಎಂಜಿನಿಯರ್ ಬರಲಿಲ್ಲ. ಅವರಿರುವುದು ಬೆಂಗಳೂರಿನಲ್ಲಿ, ನೋಡಿಕೊಳ್ಳಬೇಕಾದ್ದು ಎಷ್ಟೋ ಜಿಲ್ಲೆ. ಕಂಪ್ಯೂಟರನ್ನು ಅಲ್ಲಿಂದಲೇ ರಿಮೋಟ್ ತೆಗೆದುಕೊಂಡು ನೋಡಿ, ಕ್ಯಾಮೆರಾ ಬೋರ್ಡ್ ಹೋಗಿರಬೇಕು, ಡಬ್ಬಿ ಕಟ್ಟಿ ಕಳಿಸಿ ಎಂದರು. ಇತ್ತ ಗದಗದ ಡಾಕ್ಟರ ಫೋನು: ‘ಏನ್ರೀ, ಕ್ಯಾಪ್ ಎಲ್ಲಿಗೆ ಬಂತು? ಪೇಷಂಟ್ ಬಂದು ಕುಂತಾರ್ರೀ.’

ಡಬ್ಬಿ ಕಟ್ಟುವ ಮೊದಲು ಕೊಪ್ಪಿಕರ ರಸ್ತೆ ಕಡೆ ಟಿವಿ, ಸಿಸಿಟಿವಿ ರಿಪೇರಿ ಮಾಡುವ ಹುಡುಗನನ್ನು ಕರೆದೆ. ಅವನು ಸ್ಕ್ಯಾನರ್ ಮುಟ್ಟಲೇ ಇಲ್ಲ. ಹೊರಗಿದ್ದ ಅಡಾಪ್ಟರಿಗೆ ಮೀಟರ್ ಹಚ್ಚಿದ. ಸುಮ್ಮನಿದ್ದಾಗ ವೋಲ್ಟೇಜ್ ಸರಿ ಇತ್ತು. ಪ್ರೊಜೆಕ್ಟರ್ ಹತ್ತಿದ ಕೂಡಲೇ ಮೀಟರಿನ ಅಂಕಿ ಕುಸಿಯಿತು. ‘ಅಣ್ಣಾ, ಕ್ಯಾಮೆರಾಕ್ಕ ಏನೂ ಆಗಿಲ್ಲ. ಅದಕ್ಕ ಉಣ್ಣಾಕ ಸಿಗವಲ್ದು, ಅಷ್ಟ’ ಎಂದ. ಅಡಾಪ್ಟರ್ ಬಿಚ್ಚಿ ತೋರಿಸಿದ. ತಲೆ ಉಬ್ಬಿದ ಒಂದು ಕೆಪಾಸಿಟರ್. ಹೊಸದು ಬೆಸೆದ ಮೇಲೆ ಕ್ಯಾಮೆರಾ ಎರಡೂ ಬಂದವು. ಅವನು ತೆಗೆದುಕೊಂಡ ಕೂಲಿ ಹೇಳಿದರೆ ನೀವು ನಗುತ್ತೀರಿ.

ಕತೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಇಂಥ ತೊಂದರೆ ಆದ ಮೇಲೆ ದಿನದ ಕ್ಯಾಲಿಬ್ರೇಷನ್ ಸಾಲದು, ಪೂರ್ತಿ ಕ್ಯಾಲಿಬ್ರೇಷನ್ ಮತ್ತೆ ಮಾಡಲೇಬೇಕು. ಸಾಫ್ಟ್‌ವೇರ್ ಒಂದು ಹಂತಕ್ಕೆ ಬಂದು ನಿಂತು, ಸರ್ವಿಸ್ ಪಾಸ್‌ವರ್ಡ್ ಕೊಡು ಎಂದಿತು. ಆ ಪಾಸ್‌ವರ್ಡ್ ಕಂಪನಿಯವರ ಹತ್ತಿರ ಮಾತ್ರ. ಫೋನಿನಲ್ಲಿ ಹೇಳುವುದಿಲ್ಲ, ಎಂಜಿನಿಯರೇ ಬರಬೇಕು, ಬಂದರೆ ವಿಸಿಟಿಂಗ್ ಚಾರ್ಜ್ ಬೇರೆ. ಕೊನೆಗೆ ಬಂದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಪಾಸ್‌ವರ್ಡ್ ಹೊಡೆದರು, ಪ್ಲೇಟ್ ತಿರುಗಿಸಿದರು, ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು.

ಅಷ್ಟು ದಿನ ಏನು ಮಾಡಿದಿರಿ ಎಂದು ಕೇಳಬಹುದು. ಕೆಲವು ಮಾಡೆಲ್ ಧಾರವಾಡದ ಪರಿಚಯದ ಲ್ಯಾಬಿಗೆ ಒಯ್ದು ಅಲ್ಲಿ ಸ್ಕ್ಯಾನ್ ಮಾಡಿಸಿದೆವು. ಎಸ್‌ಟಿಎಲ್ ಫೈಲ್ (ಎಲ್ಲರಿಗೂ ತೆರೆಯುವ 3ಡಿ ಆಕಾರದ ಫೈಲ್) ಸಿಕ್ಕರೆ ಯಾರ ಸ್ಕ್ಯಾನ್ ಆದರೂ ನಡೆಯುತ್ತದೆ. ಕೆಲವು ಕಂಪನಿಗಳ ಸ್ಕ್ಯಾನರ್ ತಮ್ಮದೇ ಫೈಲ್ ಕೊಡುತ್ತವೆ, ಅದು ಬೇರೆಯವರ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ. ಹೊಸದಾಗಿ ಸ್ಕ್ಯಾನರ್ ಕೊಳ್ಳುವವರು ರೇಟಿಗಿಂತ ಮೊದಲು ಇದನ್ನು ಕೇಳಿ. ಒಪ್ಪಿದ ಡಾಕ್ಟರುಗಳಿಗೆ ಹಳೇ ಪದ್ಧತಿಯಲ್ಲಿ, ಮೇಣ ಕಟ್ಟಿ ಲೋಹ ಎರಕ ಹೊಯ್ದು, ಮೇಲೆ ಸೆರಾಮಿಕ್ ಏರಿಸಿ ಕೊಟ್ಟೆವು. ನಮ್ಮಲ್ಲಿರುವ ಹಿರಿಯ ಟೆಕ್ನಿಷಿಯನ್ನರ ಕೈಗೆ ಆ ವಾರ ಬಹಳ ಬೆಲೆ ಬಂತು.

ನಾನು ಕೇಳುವುದು ಇಷ್ಟೇ. ಕೊಂಡ ಮಷೀನನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಕೊಂಡವನಿಗೆ ಇರಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗಾಗಿ ಪೋರ್ಟಲ್ ಶುರು ಮಾಡಿತು. ಆಗ ಆರಿಸಿದ್ದು ನಾಲ್ಕು ಕ್ಷೇತ್ರ: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ಸಾಮಾನು, ವಾಹನ. ಟ್ರ್ಯಾಕ್ಟರಿಗೆ ಸಿಕ್ಕ ಜಾಗ ಸಣ್ಣ ಲ್ಯಾಬುಗಳ ಯಂತ್ರಕ್ಕೂ ಸಿಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕಾಗಿ ಕೊಂಡವರನ್ನು ಗ್ರಾಹಕ ಎನ್ನುವುದಿಲ್ಲ. ಹೊಟ್ಟೆಪಾಡಿಗೆ ಸ್ವಯಂ ಉದ್ಯೋಗ ಮಾಡುವವರಿಗೆ ಮಾತ್ರ ವಿನಾಯ್ತಿ ಇದೆ. ನನ್ನ ಲ್ಯಾಬಿನಲ್ಲಿ ನಾಲ್ಕು ಹುಡುಗರಿದ್ದಾರೆ ಅಂತ ಕಂಪನಿಯ ವಕೀಲರು ಅದನ್ನೇ ಹಿಡಿದು ಜಗ್ಗಬಹುದು. ಈ ಗೊಂದಲ ಸರ್ಕಾರವೇ ಬಿಡಿಸಲಿ.

ಕಂಪನಿಗಳು ಹುಬ್ಬಳ್ಳಿಯ ಡೀಲರ್ ಹತ್ತಿರ ಅಡಾಪ್ಟರ್, ಕೇಬಲ್, ಕ್ಯಾಲಿಬ್ರೇಷನ್ ಪ್ಲೇಟ್ ಇಡಲಿ. ಕ್ಯಾಲಿಬ್ರೇಷನ್ ಪಾಸ್‌ವರ್ಡನ್ನು ತರಬೇತಿ ಆದ ಬಳಕೆದಾರರಿಗೆ ಕೊಡಲಿ. ವಾರಂಟಿ ಮುಗಿದ ಮೇಲೂ ಯಾಕೆ ಮುಚ್ಚಿಡಬೇಕು?

ನಮ್ಮೂರಿನಲ್ಲಿ ಕಲಿಸುವವರಿಗೆ ಬರ ಇಲ್ಲ. ಧಾರವಾಡದ ಸತ್ತೂರಿನಲ್ಲಿ ಡೆಂಟಲ್ ಕಾಲೇಜಿದೆ. ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಬೇಕಾದಷ್ಟಿದ್ದಾರೆ, ಐಟಿಐ ಇದೆ, ಧಾರವಾಡಕ್ಕೆ 2016ರಲ್ಲಿ ಐಐಟಿಯೂ ಬಂತು. ಇವರಲ್ಲಿ ಯಾರಾದರೂ ಡೆಂಟಲ್ ಯಂತ್ರಗಳ ರಿಪೇರಿಗೆ ಒಂದು ಸಣ್ಣ ಕೋರ್ಸ್ ತೆಗೆದರೆ ನನ್ನ ಹಳೇ ಸ್ಕ್ಯಾನರನ್ನು ಬಿಟ್ಟಿ ಕೊಡುತ್ತೇನೆ. ಅದರ ಕ್ಯಾಮೆರಾ, ಮೋಟರ್ ಎಲ್ಲ ಗಟ್ಟಿ ಇವೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಸಪೋರ್ಟ್ ನಿಂತ ಮೇಲೆ ಕಂಪ್ಯೂಟರ್ ಬದಲಿಸಿದೆ. ಹೊಸ ಸಾಫ್ಟ್‌ವೇರ್ ಈ ಹಳೇ ಸ್ಕ್ಯಾನರನ್ನು ಗುರುತಿಸುವುದಿಲ್ಲ, ಅಷ್ಟೇ. ಬಂದು ಒಯ್ಯುವವರು ಸ್ಕ್ರೂಡ್ರೈವರ್ ತರಬೇಕಿಲ್ಲ, ಅದೂ ನನ್ನ ಹತ್ತಿರ ಇದೆ.

– ಒಬ್ಬ ಡೆಂಟಲ್ ಟೆಕ್ನಿಷಿಯನ್, ವಿದ್ಯಾನಗರ, ಹುಬ್ಬಳ್ಳಿ