ಮನೆ ಮುಂದಿನ ಮರುಭೂಮಿಗೆ ಕನ್ನಡದಲ್ಲಿ ಹೆಸರಿಡೋಣ ಬನ್ನಿ

ಫೀನಿಕ್ಸ್, ಅರಿಜೋನಾ
ಫೆಬ್ರವರಿ

ಪ್ರಿಯ ಪೋಷಕರೇ, ನಮಸ್ಕಾರ.

ಈ ಸಲದ ಪತ್ರ ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಓದಿ. ಆಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೂ ಓದಿ ಹೇಳಿ.

ಜನವರಿಯಲ್ಲಿ ನಮ್ಮ ಭಾನುವಾರದ ಕನ್ನಡ ಶಾಲೆಯ ಮೂರನೇ ಹಂತದ ಮಕ್ಕಳಿಗೆ ‘ಮರುಭೂಮಿ’ ಎಂಬ ವಿಷಯ ಕೊಟ್ಟು ಐದು ವಾಕ್ಯ ಬರೆಯಲು ಹೇಳಿದ್ದೆ. ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಒಂಟೆಯ ಬಗ್ಗೆ ಬರೆದರು. ‘ಮರುಭೂಮಿಯಲ್ಲಿ ಮರ ಇರುವುದಿಲ್ಲ’ ಎಂದು ಐದು ಜನ. ಒಬ್ಬ ಹುಡುಗ ‘ಮರುಭೂಮಿ ತುಂಬಾ ದೂರ ಇದೆ’ ಎಂದು ಬರೆದಿದ್ದ. ಅವನ ಮನೆಯ ಕಾಂಪೌಂಡಿನ ಪಕ್ಕದಲ್ಲೇ ಸವಾರೋ ಎಂಬ ಕ್ಯಾಕ್ಟಸ್ ಎರಡು ಆಳೆತ್ತರಕ್ಕೆ ನಿಂತಿದೆ. ದಿನಾ ಅದರ ಕೆಳಗೆ ಸೈಕಲ್ ಹೊಡೆಯುತ್ತಾನೆ.

ತಪ್ಪು ಅವನದಲ್ಲ. ನಾವು ಪಾಠ ಮಾಡುವ ಪುಸ್ತಕದಲ್ಲಿ ತೆಂಗಿನ ಮರ ಇದೆ, ಮಲೆನಾಡಿನ ಮಳೆ ಇದೆ, ಗದ್ದೆ ಇದೆ. ಇರಲೇಬೇಕು, ಅದು ಅವರ ಅಜ್ಜಿ ಮನೆ. ಆದರೆ ಕಿಟಕಿ ತೆರೆದರೆ ಕಾಣುವ ಯಾವುದಕ್ಕೂ ನಾವು ಕನ್ನಡದ ಮಾತು ಕೊಟ್ಟಿಲ್ಲ. ಹಾಗಾಗಿ ಮಕ್ಕಳ ಮನಸ್ಸಿನಲ್ಲಿ ಕನ್ನಡ ಅಂದರೆ ಬೇರೆ ಕಡೆ ಇರುವ ಊರಿನ ಭಾಷೆ, ಇಲ್ಲಿನದಲ್ಲ. ಇದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಅದಕ್ಕೇ ಈ ವರ್ಷ ತರಗತಿ ಬಿಟ್ಟು ಹೊರಗೆ ಹೋಗೋಣ ಎಂದುಕೊಂಡಿದ್ದೇವೆ.

ಮಾರ್ಚ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಎಲ್ಲ ಮಕ್ಕಳನ್ನೂ ಪಾಪಾಗೋ ಪಾರ್ಕಿನಲ್ಲಿರುವ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ಗೆ ಕರೆದುಕೊಂಡು ಹೋಗುತ್ತೇವೆ. ನೀವೂ ಜೊತೆಗಿರಬೇಕು.

ನಿಮ್ಮಲ್ಲಿ ಅನೇಕರು ಆಗಲೇ ನೋಡಿರುತ್ತೀರಿ. ಊರಿಂದ ನೆಂಟರು ಬಂದಾಗ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ಹಿಂದಿನ ದಿನ ಒಂದು ಸುತ್ತು ಹಾಕಿಸುವ ಜಾಗ ಅದು, ಅಲ್ವಾ? ಗೇಟಿನ ಹತ್ತಿರ ಗಾಜಿನ ಗೋಪುರಗಳ ಮುಂದೆ ಫೋಟೋ ತೆಗೆಸಿಕೊಂಡು, ದೊಡ್ಡ ಕ್ಯಾಕ್ಟಸ್ ನೋಡಿ, ಬಿಸಿಲು ಏರುವ ಮುಂಚೆ ವಾಪಸ್. ನಾನೂ ಮೊದಲ ಆರು ವರ್ಷ ಹಾಗೇ ಮಾಡಿದೆ. ಆ ಗಾಜಿನ ಗೋಪುರಗಳು ಡೇಲ್ ಚಿಹುಲಿ ಎಂಬ ಕಲಾವಿದರು 2008ರಲ್ಲಿ ಮಾಡಿದ್ದು. ದೂರದಿಂದ ನೋಡಿದರೆ ಕತ್ತಾಳೆಯ ಎಲೆಗಳೇ ಆಕಾಶಕ್ಕೆ ಚಿಮ್ಮಿದಂತೆ ಕಾಣುತ್ತವೆ. ಚಿಕ್ಕ ಮಕ್ಕಳು ಅದನ್ನೂ ಗಿಡ ಎಂದೇ ತಿಳಿಯುತ್ತಾರೆ.

ತೋಟದ ಹುಟ್ಟಿನ ಕಥೆಯನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ. 1930ರ ದಶಕದಲ್ಲಿ ಗುಸ್ತಾಫ್ ಸ್ಟಾರ್ಕ್ ಎಂಬ ಸ್ವೀಡನ್ ಮೂಲದ ಸಸ್ಯಪ್ರೇಮಿ ಇಲ್ಲಿದ್ದರು. ಊರು ಬೆಳೆಯುತ್ತಾ ಹೋದ ಹಾಗೆ ಮರುಭೂಮಿ ಕರಗುವುದನ್ನು ಕಂಡು, ‘ಮರುಭೂಮಿಯನ್ನು ಉಳಿಸಿ’ ಎಂದು ಒಂದು ಬೋರ್ಡ್ ಬರೆದು, ತಮ್ಮ ಮನೆಯ ಕಡೆಗೆ ಬಾಣದ ಗುರುತು ಹಾಕಿ ನಿಲ್ಲಿಸಿದರು. ಅದನ್ನು ನೋಡಿ ಜನ ಒಬ್ಬೊಬ್ಬರಾಗಿ ಸೇರಿಕೊಂಡರು. ಅವರಲ್ಲಿ ಗರ್ಟ್ರೂಡ್ ವೆಬ್‌ಸ್ಟರ್ ಎಂಬ ಅನುಕೂಲಸ್ಥ ಮಹಿಳೆ ಹಣವನ್ನೂ ಕೊಟ್ಟರು, ಊರಿನ ಗಣ್ಯರನ್ನೂ ಒಪ್ಪಿಸಿದರು. 1939ರಲ್ಲಿ ತೋಟದ ಬಾಗಿಲು ತೆರೆಯಿತು. ಇವತ್ತು 140 ಎಕರೆ, 50,000ಕ್ಕೂ ಹೆಚ್ಚು ಗಿಡಗಳು. ನಮ್ಮ ಲಾಲ್‌ಬಾಗಿಗಿಂತ ಚಿಕ್ಕದು. ಆದರೆ ಬರೀ ಒಣನೆಲದ ಗಿಡಗಳಿಗಾಗಿಯೇ ಇಷ್ಟು ಪ್ರೀತಿಯಿಂದ ನಡೆಸುವ ತೋಟವನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿರುವ ಗಿಡಗಳಲ್ಲಿ ಎಷ್ಟೋ ನಿಮಗೆ ಗೊತ್ತಿರುವವೇ. ಕನ್ನಡದಲ್ಲೇ ಗೊತ್ತಿರುವವು.

ಹೊಲದ ಬೇಲಿಗೆ ಹಾಕುವ ಪಾಪಾಸುಕಳ್ಳಿ ನೆನಪಿದೆಯಾ? ಅದರ ತವರು ಅಮೆರಿಕ ಖಂಡ. ಇಲ್ಲಿನ ಪಾಪಾಸುಕಳ್ಳಿಯ ಮೇಲೆ ಬಿಳೀ ಹತ್ತಿಯಂಥ ಚುಕ್ಕೆಗಳು ಇರುತ್ತವೆ. ಅದರೊಳಗಿನ ಪುಟ್ಟ ಹುಳವನ್ನು ಹಿಸುಕಿದರೆ ಬೆರಳು ಕುಂಕುಮದ ಹಾಗೆ ಕೆಂಪಾಗುತ್ತದೆ. ಬಟ್ಟೆಗೆ ಬಣ್ಣ ಕಟ್ಟಲು ಮೆಕ್ಸಿಕೊದ ಜನ ಇದನ್ನು ಬಹಳ ಹಿಂದಿನಿಂದ ಸಾಕುತ್ತಿದ್ದರು. ರೈಲು ಹಳಿಯ ಪಕ್ಕ ಸಾಲಾಗಿ ಕಾಣುವ ಕತ್ತಾಳೆಯೂ ಈ ಕಡೆಯದೇ. ಜೂನ್ ತಿಂಗಳ ರಾತ್ರಿ ನಿಮ್ಮ ತಾಯಿ ಅಕ್ಕಪಕ್ಕದವರನ್ನೆಲ್ಲ ಕರೆದು, ಆರತಿ ಎತ್ತಿ, ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ತೋರಿಸುತ್ತಿದ್ದ ಬ್ರಹ್ಮಕಮಲ ಇದೆಯಲ್ಲ, ಕುಂಡದಲ್ಲಿ ಎಲೆಯಂಥ ಕಾಂಡದ ಅಂಚಿನಿಂದ ಹೂ ಬಿಡುವುದು, ಅದು ಕೂಡ ಕ್ಯಾಕ್ಟಸ್! ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನಿಂದ ನಮ್ಮ ಮನೆಯಂಗಳಕ್ಕೆ ಬಂದದ್ದು. ಅರಿಜೋನಾದ ಮರುಭೂಮಿಯಲ್ಲೂ ಅದರ ದೂರದ ನೆಂಟನೊಬ್ಬ ಇದ್ದಾನೆ. ವರ್ಷವಿಡೀ ಒಣಗಿದ ಕಡ್ಡಿಯ ಹಾಗೆ ಪೊದೆಯ ಮರೆಯಲ್ಲಿ ನಿಂತಿದ್ದು, ಬೇಸಿಗೆಯ ಒಂದು ರಾತ್ರಿ ಮಾತ್ರ ಘಮ್ಮೆಂದು ಅರಳುತ್ತಾನೆ.

ಬಳ್ಳಾರಿ ಜಾಲಿಯ ಮಾತು ಬೇರೆ. ರಾಯಚೂರು, ಕೊಪ್ಪಳದ ಕಡೆಯವರಿಗೆ ಅದರ ಹೆಸರೆತ್ತಿದರೆ ಸಿಟ್ಟು ಬರುತ್ತದೆ, ಹೊಲ ನುಂಗುವ ಗಿಡ ಅದು. ಇಲ್ಲಿನ ಮೆಸ್ಕೀಟ್ ಮರ ಅದರ ದಾಯಾದಿ. ಆದರೆ ಇಲ್ಲಿ ಇದು ಅನ್ನ ಕೊಟ್ಟ ಮರ. ಈ ನೆಲದ ಮೂಲನಿವಾಸಿಗಳಾದ ಓದಮ್ ಜನ ಅದರ ಸಿಹಿ ಕಾಯನ್ನು ಒಣಗಿಸಿ, ಕುಟ್ಟಿ ಹಿಟ್ಟು ಮಾಡಿ ತಿಂದು ಬದುಕಿದವರು. ಒಂದೇ ಕುಟುಂಬದ ಗಿಡ, ತನ್ನ ಜಾಗದಲ್ಲಿದ್ದರೆ ಅನ್ನ, ಜಾಗ ತಪ್ಪಿದರೆ ಕಳೆ. ದೊಡ್ಡ ಮಕ್ಕಳ ಜೊತೆ ಈ ಬಗ್ಗೆ ಮಾತಾಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಡಿ, ನನಗೂ ಬೇಕು.

ನಮ್ಮೂರಿನ ಮುಂಡುಗಳ್ಳಿ ಮಾತ್ರ ಕ್ಯಾಕ್ಟಸ್ ಅಲ್ಲ. ನೋಡಲು ಒಂದೇ ಥರ, ಆದರೆ ಮುರಿದರೆ ಹಾಲು ಬರುತ್ತದೆ. ಎರಡೂ ಬೇರೆ ಬೇರೆ ಖಂಡದಲ್ಲಿ ಹುಟ್ಟಿ, ನೀರಿಲ್ಲದೆ ಬದುಕುವ ಒಂದೇ ಉಪಾಯವನ್ನು ತಮ್ಮಷ್ಟಕ್ಕೆ ಕಂಡುಕೊಂಡವು. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಪುಟ್ಟ ಮೆತ್ತೆಯಂಥ ಗುಬುಟಿನಿಂದ ಗೊಂಚಲಾಗಿ ಬರುತ್ತವೆ. ಮುಂಡುಗಳ್ಳಿಯಲ್ಲಿ ಆ ಮೆತ್ತೆ ಇರುವುದಿಲ್ಲ. ತೋಟದಲ್ಲಿ ಹಾಲು ಬರುವ ಆಫ್ರಿಕಾದ ಕಳ್ಳಿಗಳೂ ಇವೆ, ಹೋಲಿಸಿ ನೋಡಬಹುದು. ನೋಡಬಹುದು ಅಷ್ಟೇ, ಮುರಿಯುವ ಹಾಗಿಲ್ಲ.

ಸವಾರೋ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಮೊಳೆತ ಮೇಲೆ ಮೊದಲ ಎಂಟು ವರ್ಷಕ್ಕೆ ಅದು ಬೆಳೆಯುವುದು ಒಂದು, ಒಂದೂವರೆ ಇಂಚು. ಅಂದರೆ ನಿಮ್ಮ ಎಂಟು ವರ್ಷದ ಮಗಳು ಹುಟ್ಟಿದ ದಿನ ಮೊಳೆತ ಸವಾರೋ ಇವತ್ತು ಅವಳ ಹೆಬ್ಬೆರಳಿಗಿಂತ ಗಿಡ್ಡ. ಹೂ ಬಿಡಲು ಸುಮಾರು 35 ವರ್ಷ. ಮೊದಲ ತೋಳು ಮೂಡಲು 50ರಿಂದ 75 ವರ್ಷ, ಒಣ ಜಾಗದಲ್ಲಿ ಇನ್ನೂ ಜಾಸ್ತಿ. ತೋಳು ಚಾಚಿ ನಿಂತಿರುವ ಒಂದೊಂದು ಸವಾರೋ ನಮ್ಮ ಮುತ್ತಜ್ಜನ ಓರಗೆಯದು. ಚಿಕ್ಕಂದಿನಲ್ಲಿ ಅದಕ್ಕೆ ಬಿಸಿಲು ತಾಗದಂತೆ ನೆರಳು ಕೊಟ್ಟು ಸಾಕುವುದು ಪಾಲೋ ವರ್ಡೆ ಮರ. ಸವಾರೋ ಮೈಮೇಲಿನ ಉದ್ದ ಗೆರೆಗಳು ಲಂಗದ ನೆರಿಗೆಯ ಹಾಗೆ. ಮಳೆ ಬಂದಾಗ ನೆರಿಗೆ ಬಿಚ್ಚಿಕೊಂಡು ನೀರು ತುಂಬಿಕೊಳ್ಳುತ್ತದೆ, ಬರಗಾಲದಲ್ಲಿ ನೆರಿಗೆ ಮಡಚಿಕೊಳ್ಳುತ್ತದೆ. ಮಕ್ಕಳಿಗೆ ‘ನೆರಿಗೆ’ ಎಂಬ ಪದ ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ.

ಜೂನ್ ಕೊನೆಯಲ್ಲಿ, ನಮ್ಮೂರಲ್ಲಿ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ, ಇಲ್ಲಿ ತೊಹೊನೊ ಓದಮ್ ಜನ ಸವಾರೋ ಹಣ್ಣು ಕೀಳುತ್ತಾರೆ. ಸತ್ತ ಸವಾರೋದ ಒಳಗಿನ ಗಳುಗಳನ್ನು ಜೋಡಿಸಿ, ತುದಿಗೆ ಅಡ್ಡ ಕಡ್ಡಿ ಕಟ್ಟಿದ ಉದ್ದನೆ ಕೋಲು. ನಾವು ಮಾವು, ನುಗ್ಗೆ ಕೀಳುವ ದೋಟಿಯೇ! ಆ ಹಣ್ಣಿನ ಕೊಯ್ಲಿನಿಂದಲೇ ಅವರ ಹೊಸ ವರ್ಷ. ಹಣ್ಣಿನ ಪಾಕದಿಂದ ಪಾನೀಯ ಮಾಡಿ, ಹಾಡಿ, ಮಳೆಯನ್ನು ಕರೆಯುತ್ತಾರೆ. ಈ ನೆಲದ ಜನ ಗಿಡಗಳನ್ನು ಹೇಗೆ ಬಳಸಿದರು ಎಂದು ತೋರಿಸಲೆಂದೇ ತೋಟದಲ್ಲಿ ಒಂದು ಪ್ರತ್ಯೇಕ ದಾರಿ ಇದೆ. ಹೆಚ್ಚು ಹೊತ್ತು ಅಲ್ಲೇ ಕಳೆಯಬೇಕು ಎಂದು ನನ್ನ ಆಸೆ.

ಇನ್ನು ಪ್ರದರ್ಶನಗಳ ವಿಚಾರ. ಲಾಲ್‌ಬಾಗಿನಲ್ಲಿ ಜನವರಿಗೆ ಒಂದು, ಆಗಸ್ಟ್‌ಗೆ ಒಂದು ಫಲಪುಷ್ಪ ಪ್ರದರ್ಶನ ನಡೆಯುವ ಹಾಗೆ ಇಲ್ಲೂ ಋತುವಿಗೊಂದು ನಡೆಯುತ್ತದೆ. ನಾವು ಹೋಗುವ ಹೊತ್ತಿಗೆ ವಸಂತದ ಚಿಟ್ಟೆ ಮನೆ ತೆರೆದಿರುತ್ತದೆ. ಬಲೆ ಹಾಕಿದ ಮಂಟಪದೊಳಗೆ ಚಿಟ್ಟೆಗಳು ನಮ್ಮ ಸುತ್ತಲೇ ಹಾರಾಡುತ್ತವೆ, ಭುಜದ ಮೇಲೂ ಕೂರುತ್ತವೆ. ಹೊರಗೆ ಹಳದಿ, ಕಿತ್ತಳೆ, ನೀಲಿ ಕಾಡುಹೂಗಳ ಕಾಲ. ಶರತ್ಕಾಲದಲ್ಲಿ ಮತ್ತೆ ಚಿಟ್ಟೆಗಳು, ಆಗ ಮೊನಾರ್ಕ್‌ಗಳದೇ ದರ್ಬಾರು. ನಮ್ಮೂರಲ್ಲಿ ಎಕ್ಕದ ಗಿಡದ ಮೇಲೆ ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಎಲ್ಲರೂ ನೋಡಿದ್ದೀರಿ. ಮೊನಾರ್ಕ್ ಅದರ ಹತ್ತಿರದ ಬಂಧು, ಮತ್ತು ಎಕ್ಕದ ಕುಟುಂಬದ ಗಿಡದ ಮೇಲೆಯೇ ಅದೂ ಮೊಟ್ಟೆ ಇಡುತ್ತದೆ. ಡಿಸೆಂಬರ್‌ನಲ್ಲಿ ದಾರಿಯುದ್ದಕ್ಕೂ ಕಾಗದದ ಚೀಲದಲ್ಲಿ ದೀಪ ಹಚ್ಚಿಡುವ ಲುಮಿನಾರಿಯಾ ರಾತ್ರಿಗಳು. ನಾಲ್ಕು ದಶಕಗಳಿಂದ ನಡೆದು ಬಂದಿರುವ ಹಬ್ಬ. ಮೊದಲ ಸಲ ನೋಡಿದಾಗ ನನಗೆ ನಮ್ಮೂರ ದೇವಸ್ಥಾನದ ಕಾರ್ತಿಕ ದೀಪೋತ್ಸವ ನೆನಪಾಗಿ ಕಣ್ಣು ತುಂಬಿತ್ತು. ಬೇಸಿಗೆಯ ಕೆಲವು ಸಂಜೆ ಟಾರ್ಚ್ ಹಿಡಿದು ಕತ್ತಲಲ್ಲಿ ಗಿಡ ನೋಡಲು ಬಿಡುತ್ತಾರೆ. ದೊಡ್ಡ ಕಲಾವಿದರ ಪ್ರದರ್ಶನಗಳೂ ಬರುತ್ತವೆ, ಗಾಜಿನವು, ಬೆಳಕಿನವು. ಅವು ಬಹಳ ಚಂದ. ಆದರೂ ಒಂದು ಮಾತು. ರಾತ್ರಿಯ ಬೆಳಕಿನಲ್ಲಿ ಮಕ್ಕಳು ದೀಪ ನೋಡುತ್ತಾರೆ, ಗಿಡ ನೋಡುವುದಿಲ್ಲ. ಅದಕ್ಕೇ ಮೊದಲ ಭೇಟಿ ಹಗಲಿನಲ್ಲೇ ಆಗಲಿ ಎಂದು ನಿರ್ಧರಿಸಿದ್ದೇವೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಸಲ ಹೋಗಿ ಸುಮ್ಮನಾಗಬೇಡಿ. ಮೇ ತಿಂಗಳಲ್ಲಿ ಮತ್ತೆ ಹೋಗಿ, ಬೆಳಿಗ್ಗೆ ಬೇಗ. ಸವಾರೋ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನಕ್ಕೆ ಮುದುಡುತ್ತದೆ. ರಾತ್ರಿ ಬಾವಲಿಗಳು, ಬೆಳಿಗ್ಗೆ ಪಾರಿವಾಳಗಳು ಮತ್ತು ಜೇನುಹುಳಗಳು ಬರುತ್ತವೆ. ಒಂದೇ ಗಿಡವನ್ನು ನಾಲ್ಕು ಋತುವಿನಲ್ಲಿ ನೋಡಿದ ಮಗುವಿಗೆ ಅದು ಬರೀ ನೋಡುವ ವಸ್ತುವಾಗಿ ಉಳಿಯುವುದಿಲ್ಲ. ಒಣ ಕೋಲಿನ ಕಟ್ಟಿನಂತಿರುವ ಒಕೊಟಿಯೊ ಮಳೆ ಬಂದ ಕೆಲವೇ ದಿನಕ್ಕೆ ಮೈತುಂಬಾ ಹಸಿರೆಲೆ ಹೊತ್ತು ನಿಲ್ಲುತ್ತದೆ. ಅದನ್ನು ಎರಡೂ ಸ್ಥಿತಿಯಲ್ಲಿ ನೋಡದೆ ಯಾರೂ ನಂಬುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಹೇಳಲು ಕಷ್ಟವಾಗುತ್ತದೆ. 2023ರ ಬೇಸಿಗೆ ನಿಮಗೆಲ್ಲ ನೆನಪಿದೆ. ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲು. ಆಗ ಸವಾರೋಗಳ ತೋಳು ಕಳಚಿ ಬಿದ್ದವು, ಕೆಲವು ನಿಂತಲ್ಲೇ ಕುಸಿದವು. ಈ ತೋಟದಲ್ಲೂ. ಸವಾರೋ ಹಗಲು ಉಸಿರು ಬಿಗಿಹಿಡಿದು, ರಾತ್ರಿ ತಂಪಾದ ಮೇಲೆ ಮೈಯ ರಂಧ್ರ ತೆರೆದು ಗಾಳಿ ಒಳಗೆಳೆದುಕೊಳ್ಳುವ ಗಿಡ. ರಾತ್ರಿಯೂ ತಂಪಾಗದಿದ್ದರೆ ಅದು ಏನು ಮಾಡಬೇಕು? ಡಾಂಬರು, ಕಾಂಕ್ರೀಟು ಹಾಕಿದ ನಮ್ಮ ಬಡಾವಣೆಗಳು ರಾತ್ರಿಯೆಲ್ಲ ಬಿಸಿ ಉಗುಳುತ್ತವೆ. ನಾವೂ ಈ ಊರಿಗೆ ಬಂದು ಮನೆ ಕಟ್ಟಿದವರು. ಮಕ್ಕಳಿಗೆ ಹೆದರಿಸುವುದು ಬೇಡ, ಆದರೆ ಮುಚ್ಚಿಡುವುದೂ ಬೇಡ.

ಅವತ್ತಿನ ಕೆಲಸ ಹೀಗಿರುತ್ತದೆ. ಪ್ರತಿ ಮಗುವಿಗೂ ಒಂದು ಗಿಡ ವಹಿಸುತ್ತೇವೆ. ಅದರ ಚಿತ್ರ ಬರೆದು, ಅದಕ್ಕೆ ಕನ್ನಡದಲ್ಲಿ ಒಂದು ಹೆಸರು ಇಡಬೇಕು. ಪಾಲೋ ವರ್ಡೆ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಹಸಿರು ಕೋಲು’. ಎಲೆ ಉದುರಿದ ಮೇಲೂ ಹಸಿರು ತೊಗಟೆಯಿಂದಲೇ ಅಡುಗೆ ಮಾಡಿಕೊಳ್ಳುವ ಮರ ಅದು. ಕಂಡದ್ದನ್ನು ಕಂಡ ಹಾಗೆ ಕರೆದರು, ಹೆಸರಾಯಿತು. ನಮ್ಮ ಮಕ್ಕಳೂ ಹಾಗೆ ಕರೆಯಬಾರದೇಕೆ? ಇದು ಸರಿ, ಅದು ತಪ್ಪು ಎಂದು ದಯವಿಟ್ಟು ತಿದ್ದಬೇಡಿ. ಇಂಗ್ಲಿಷ್ ಸೇರಿಸಿ ಮಾತಾಡಿದರೂ ಅವತ್ತು ನಾನು ಏನೂ ಅನ್ನುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಸೇರೋಣ, ಹನ್ನೊಂದರ ಒಳಗೆ ಹೊರಡೋಣ. ಟಿಕೆಟ್ ಮುಂಚಿತವಾಗಿ ಶಾಲೆಯಿಂದಲೇ ಕೊಳ್ಳುತ್ತೇವೆ. ಯಾರಿಗಾದರೂ ಹಣ ಕೊಡುವುದು ಕಷ್ಟವಾದರೆ ನನಗೊಬ್ಬಳಿಗೇ ಒಂದು ಮಾತು ತಿಳಿಸಿ, ಸಾಕು. ಟೋಪಿ, ಮುಚ್ಚಿದ ಶೂ, ಮಗುವಿಗೊಂದು ನೀರಿನ ಬಾಟಲಿ ಇರಲಿ. ಪ್ರತಿ ಮನೆಯವರೂ ಒಂದು ಬಾಚಣಿಗೆ ತನ್ನಿ. ಇದು ತಲೆ ಬಾಚಲು ಅಲ್ಲ. ಚೋಯಾ ಎಂಬ ಕ್ಯಾಕ್ಟಸ್‌ನ ತುಂಡುಗಳು ಸ್ವಲ್ಪ ತಗುಲಿದರೂ ಕಳಚಿ ಮೈಗೆ ಕಚ್ಚಿಕೊಳ್ಳುತ್ತವೆ. ಎರಡು ವರ್ಷದ ಹಿಂದೆ ನಾನು ಕರೆದುಕೊಂಡು ಹೋಗಿದ್ದ ಪುಟ್ಟ ಹುಡುಗಿಯ ಕಾಲಿಗೆ ಒಂದು ಅಂಟಿತು. ಗಾಬರಿಯಲ್ಲಿ ಕೈಯಿಂದ ಕಿತ್ತೆ, ಅದು ನನ್ನ ಬೆರಳಿಗೂ ಹತ್ತಿತು, ಮಗು ಇನ್ನೂ ಜೋರಾಗಿ ಅತ್ತಿತು. ಬಾಚಣಿಗೆಯ ಹಲ್ಲನ್ನು ಅಡಿಗೆ ತೂರಿಸಿ ಒಮ್ಮೆಗೇ ಎಗರಿಸಬೇಕು ಎಂದು ಆಮೇಲೆ ಕಲಿತೆ.

ಊಟ ತೋಟದ ಒಳಗೆ ಬೇಡ, ಹೊರಗೆ ಪಾಪಾಗೋ ಪಾರ್ಕಿನ ಮೇಜುಗಳ ಬಳಿ ಕೂರೋಣ. ಚಿತ್ರಾನ್ನ, ಮೊಸರನ್ನ ಯಾರು ತರುತ್ತೀರಿ ಎಂದು ಗುಂಪಿನಲ್ಲಿ ಹಾಕಿ.

ಊರಿಂದ ಬಂದಿರುವ ಅಜ್ಜ ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಮುಖ್ಯ ದಾರಿ ಸಮತಟ್ಟಾಗಿದೆ, ನಿಧಾನವಾಗಿ ನಡೆಯಬಹುದು, ಅಲ್ಲಲ್ಲಿ ಕೂರಲು ಬೆಂಚು ಇದೆ. ಕತ್ತಾಳೆ ನಾರು ತೆಗೆದು ಹಗ್ಗ ಹೊಸೆದದ್ದನ್ನು ಕಣ್ಣಾರೆ ಕಂಡವರು, ಪಾಪಾಸುಕಳ್ಳಿ ಹಣ್ಣು ತಿಂದು ನಾಲಿಗೆ ಕೆಂಪು ಮಾಡಿಕೊಂಡವರು ಅವರಲ್ಲಿ ಇರುತ್ತಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಮುಂದಿನ ಭಾನುವಾರದೊಳಗೆ ನನಗೆ ತಿಳಿಸಿ. ಅವರು ನಿಂತು ಮಾತಾಡಲು ಕತ್ತಾಳೆಗಳ ಹತ್ತಿರ ನೆರಳಿರುವ ಒಂದು ಜಾಗವನ್ನು ಹಿಂದಿನ ವಾರವೇ ಹೋಗಿ ನೋಡಿಟ್ಟು ಬರುತ್ತೇನೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ಭಾನುವಾರದ ಕನ್ನಡ ಶಾಲೆ