ಹನ್ನೊಂದು ಜನ ಹೋದಾಗ ಫೈಲು ಸಿಕ್ಕಿತು

ಮಾನ್ಯ ಸಂಪಾದಕರೇ,

ಜೀತ ಅಂದರೆ ನಮ್ಮಲ್ಲಿ ಅನೇಕರಿಗೆ ಗೌಡರ ಕೊಟ್ಟಿಗೆ, ದನ ಕಾಯುವ ಹುಡುಗ ನೆನಪಾಗುತ್ತಾರೆ. ಅದೆಲ್ಲ ದೇವರಾಜ ಅರಸರ ಕಾಲಕ್ಕೇ ಮುಗಿಯಿತು ಅಂತ ನಾನೂ ತಿಳಿದಿದ್ದೆ. ಮಕ್ಕಳಿಗೆ ಹಾಗೇ ಪಾಠವನ್ನೂ ಮಾಡಿದ್ದೆ. ನಿವೃತ್ತಿಯಾದ ಮೇಲೆ ಗೊತ್ತಾಗಿದ್ದು, ಅದು ಈಗ ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ ಇದೆ, ಹೆಸರು ಮಾತ್ರ 'ಅಡ್ವಾನ್ಸ್' ಅಂತ.

ನಮ್ಮೂರ ಕೆರೆ ಹಿಂದಿನ ಗೂಡಿನಿಂದ ಒಂದು ಮಗು ಎರಡು ದಿನ ಅಂಗನವಾಡಿಗೆ ಬಂತು. ಮೂರನೇ ದಿನ ಬರಲಿಲ್ಲ. ನಮ್ಮ ಅಂಗನವಾಡಿ ಟೀಚರ್ ಸುಮ್ನೆ ಬಿಡುವವರಲ್ಲ, ಹುಡುಕಿಕೊಂಡು ಹೋದರು. ಮಗುವಿನ ಅಪ್ಪ ಅಮ್ಮ 40,000 ರೂಪಾಯಿ ಮುಂಗಡ ತೆಗೆದುಕೊಂಡು ಬಂದವರು. ಎಂಟು ತಿಂಗಳಿನಿಂದ ಊರಿಗೆ ಹೋಗಿಲ್ಲ. ಅಜ್ಜಿ ತೀರಿಕೊಂಡಾಗಲೂ ಬಿಟ್ಟಿರಲಿಲ್ಲವಂತೆ. ಮೇಸ್ತ್ರಿಯ ಲೆಕ್ಕದ ಪುಸ್ತಕವನ್ನು ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ಗುಮಾಸ್ತರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿಕೊಂಡು ಅರ್ಧ ಗಂಟೆ ಕೂಡಿ ಕಳೆದರು. ಗಂಡ ಹೆಂಡತಿ ಇಬ್ಬರೂ ಎಂಟು ತಿಂಗಳು ದುಡಿದ ಮೇಲೆ ಸಾಲ 46,000 ಆಗಿತ್ತು!

ದೂರು ಕೊಡಲು ಮೊದಲ ಸಲ ಸರ್ಕಾರಿ ಕಚೇರಿಗೆ ಆ ಗಂಡನ ಜೊತೆ ನಾನೊಬ್ಬನೇ ಹೋದೆ. 'ಹೊಡೆದಿದ್ದಾರಾ? ಕಟ್ಟಿ ಹಾಕಿದ್ದಾರಾ?' ಅಂತ ಕೇಳಿದರು. ಇಲ್ಲ ಅಂದೆವು. 'ಹಾಗಾದ್ರೆ ಇದು ಕೂಲಿ ತಕರಾರು, ಮಾತಾಡಿ ಬಗೆಹರಿಸಿಕೊಳ್ಳಿ' ಅಂದರು. ಆದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಸರಪಳಿಯ ಮಾತೇ ಇಲ್ಲ. ಮುಂಗಡದ ಹೆಸರಲ್ಲಿ ಬೇರೆ ಕಡೆ ದುಡಿಯಲು ಬಿಡದಿದ್ದರೆ, ಓಡಾಡಲು ಬಿಡದಿದ್ದರೆ ಅದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯಾಡ್ (ಏಷ್ಯನ್ ಗೇಮ್ಸ್) ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿದೆ. ಇದು ಜೀತ ಅಲ್ಲ ಅಂತ ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದು, ಕೂಲಿಯವನದಲ್ಲ.

ಎರಡನೇ ಸಲವೂ ಬರಿಗೈ. ಅಷ್ಟರಲ್ಲಿ ನನಗೊಂದು ವಿಷಯ ಹೊಳೆದಿತ್ತು. ಮಾಲೀಕ, ಮೇಸ್ತ್ರಿ, ಲಾರಿಯವನು, ಪಂಚಾಯಿತಿಯಲ್ಲಿ ಕೂತ ಅವರ ಭಾವಮೈದ, ಇವರೆಲ್ಲ ಆಗಲೇ ಒಂದು ಒಕ್ಕೂಟ. ಅವರಿಗೆ ಸಭೆ ಬೇಕಿಲ್ಲ, ಒಂದು ಫೋನ್ ಸಾಕು. ಈ ಕಡೆ ಇದ್ದವರು ಮಾತ್ರ ಒಬ್ಬೊಬ್ಬರೇ.

ಹಾಗಾಗಿ ಎಲ್ಲರನ್ನೂ ಕೇಳಿದೆವು. ದಲಿತ ಸಂಘಟನೆಯ ಹುಡುಗರು ಬಂದರು, ಕಾಯ್ದೆ ನಮಗಿಂತ ಜಾಸ್ತಿ ಅವರಿಗೇ ಗೊತ್ತಿತ್ತು. ಸ್ತ್ರೀಶಕ್ತಿ ಸಂಘದ ಹೆಂಗಸರು ಆ ತಾಯಿಯ ಜೊತೆ ಕೂತು ಮಾತಾಡಿದರು. ನಮ್ಮ ಮುಂದೆ ಬಾಯಿ ಬಿಡದವಳು ಅವರ ಮುಂದೆ ಎಲ್ಲ ಹೇಳಿದಳು. ಒಬ್ಬ ಆಟೋದವನು ಬಾಡಿಗೆ ಬೇಡ ಅಂದ. ಕಷ್ಟವಾದದ್ದು ರೈತ ಸಂಘದವರ ಜೊತೆ. ಅವರು ಕೆಟ್ಟವರಲ್ಲ, ಹೆದರಿದ್ದರು. 'ಮೇಷ್ಟ್ರೇ, ನಾವೂ ಆಳುಗಳಿಗೆ ಮುಂಗಡ ಕೊಡ್ತೀವಲ್ಲ, ನಾಳೆ ನಮ್ಮನ್ನೂ ಹಿಡಿಸ್ತೀರಾ?' ಅಂತ ಒಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಂಗಡ ಕೊಟ್ಟಿದ್ದೇ ತಪ್ಪಲ್ಲ, ಅದನ್ನು ಹಗ್ಗ ಮಾಡಿಕೊಂಡರೆ ತಪ್ಪು ಅಂತ ಎರಡು ಸಂಜೆ ಚರ್ಚೆ ಆಯಿತು. ಮೂವರು ಬಂದರು, ಉಳಿದವರು ಬರಲಿಲ್ಲ. ಬಂದ ಮೂವರಲ್ಲಿ ಒಬ್ಬರು ತಮ್ಮ ತೋಟದ ಆಳಿನ ಸಾಲದ ಚೀಟಿ ಹರಿದು ಹಾಕಿದ್ದು ಆಮೇಲೆ ತಿಳಿಯಿತು.

ಮೂರನೇ ಸಲ 11 ಜನ ಹೋದೆವು. ಹಿಂದೆ ಸಿಗದ ನಮ್ಮ ದೂರಿನ ಫೈಲು ಆವತ್ತು ಹತ್ತು ನಿಮಿಷದಲ್ಲಿ ಸಿಕ್ಕಿತು. ಹೇಳಿಕೆ ಬರೆದುಕೊಂಡರು, ಕೆಲವು ವಾರದಲ್ಲಿ, ಇವರು ಜೀತಮುಕ್ತರು ಅನ್ನುವ ಬಿಡುಗಡೆ ಪತ್ರ ಬಂತು. ಆ ಒಂದು ಹಾಳೆ ಇಲ್ಲದಿದ್ದರೆ ಪುನರ್ವಸತಿಯೂ ಇಲ್ಲ, ಪರಿಹಾರವೂ ಇಲ್ಲ. ಜೀತದ ಸಾಲ ಕಾಯ್ದೆಯ ಪ್ರಕಾರ ಅಳಿಸಿ ಹೋಗುತ್ತದೆ, ಅದನ್ನು ವಸೂಲಿ ಮಾಡಿದರೆ ಮೂರು ವರ್ಷದವರೆಗೆ ಜೈಲು. ಆದರೂ ಮೇಸ್ತ್ರಿ ಅವರ ಊರಿನ ತನಕ ಹೋಗಿ ದುಡ್ಡು ಕೇಳಿದ. ಆ ಊರಿನ ಸಂಘದವರಿಗೆ ಮೊದಲೇ ಫೋನ್ ಮಾಡಿದ್ದರಿಂದ ಬಚಾವಾಯಿತು. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ದೊಡ್ಡ ಮೊತ್ತ, ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಆರೋಪಿಗೆ ಶಿಕ್ಷೆಯಾದ ಮೇಲೆ. ಅಲ್ಲಿಯವರೆಗೆ ಸಾಕ್ಷಿ ಹೇಳುವವರು ಎದೆಗುಂದದ ಹಾಗೆ ಯಾರೋ ಜೊತೆಗಿರಬೇಕಲ್ವಾ? ವಕೀಲರ ಖರ್ಚಿನ ಚಿಂತೆ ಬೇಡ. ಬಿಟ್ಟಿ ದುಡಿಮೆಗೆ ಸಿಕ್ಕಿಬಿದ್ದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಇದನ್ನೆಲ್ಲ ಬರೆಯುತ್ತಿರುವುದು ನಮ್ಮ ಸಾಹಸ ಹೇಳಿಕೊಳ್ಳಲು ಅಲ್ಲ. ಜೀವಿಕದಂಥ ಸಂಘಟನೆಗಳು ದಶಕಗಳಿಂದ ಈ ಕೆಲಸದಲ್ಲಿವೆ, ನಾವು ಮೊನ್ನೆ ಮೊನ್ನೆ ಬಂದವರು. ಹೇಳಬೇಕಾದದ್ದು ಇಷ್ಟು: ನಾವು ಆಟೋ ಹತ್ತಿಕೊಂಡು ಕಟ್ಟಿದ ಗುಂಪನ್ನು ಕಾಯ್ದೆ ಆಗಲೇ ಬರೆದಿಟ್ಟಿದೆ. 13ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆ, ಪ್ರತಿ ಉಪವಿಭಾಗದಲ್ಲಿ ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಅಲ್ಲೇ ವಾಸವಿರುವ ಪರಿಶಿಷ್ಟ ಜಾತಿ, ಪಂಗಡದ ಮೂವರು, ಇಬ್ಬರು ಸಮಾಜ ಸೇವಕರು, ಬ್ಯಾಂಕಿನ ಕಡೆಯಿಂದಲೂ ಒಬ್ಬರು ಕೂರಬೇಕು. ನಮ್ಮ ಗುಮಾಸ್ತರು ಇದನ್ನು ಕೇಳಿ ನಕ್ಕೇಬಿಟ್ಟರು.

ಸರ್ಕಾರವನ್ನು ಕೇಳುವುದು ದೊಡ್ಡದೇನಲ್ಲ. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್, ಮುಂದಿನ ಸಭೆಯ ದಿನಾಂಕ ಪ್ರತಿ ತಾಲೂಕು ಕಚೇರಿಯ ಬೋರ್ಡಿನಲ್ಲಿ, ಪ್ರತಿ ಅಂಗನವಾಡಿ ಗೋಡೆಯಲ್ಲಿ ಹಚ್ಚಲಿ. ನಮ್ಮಲ್ಲಿ ಕೇಳಿದ್ದಕ್ಕೆ ಒಂದು ಪಟ್ಟಿ ಕೊಟ್ಟರು. ಮೊದಲ ಹೆಸರಿನವರ ಮನೆ ಹುಡುಕಿಕೊಂಡು ಹೋದೆವು. ಅವರು ತೀರಿಕೊಂಡು ಎರಡು ವರ್ಷ ಆಗಿತ್ತು.

ಇತಿ,
ಒಬ್ಬ ನಿವೃತ್ತ ಮೇಷ್ಟ್ರು