ಐದು ಸೆಕೆಂಡು ಎಲ್ಲಿಂದ ಬರುತ್ತದೆ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು,

ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಪುಟ್ಟಿ ಪಕ್ಕದಲ್ಲೇ ಕೂತಿದ್ದಳು. "13 ವರ್ಷದ ಮಗುವಿಗೆ ಈಜಿನಲ್ಲಿ ಇಷ್ಟು ದೊಡ್ಡ ಗುರಿ ಯಾಕಮ್ಮಾ? ಸಿಗದಿದ್ರೆ ಮನಸ್ಸಿಗೆ ಹಚ್ಚಿಕೊಳ್ಳಲ್ವಾ?" ಅಂದಿರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ಗುರಿ ಇರಲಿ, ಚಿಕ್ಕದು ಮಾಡುವುದು ಬೇಡ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ನಿಧಾನವಾಗಿ ಬರೆಯುತ್ತೇನೆ. ಅಮ್ಮನಿಗೂ ಓದಿ ಹೇಳಿ.

ಕಳೆದ ಡಿಸೆಂಬರ್ ಮೀಟ್‌ನಲ್ಲಿ, ಅಂದರೆ ಈಜು ಸ್ಪರ್ಧೆಯಲ್ಲಿ, 100 ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ (ಅಂಗಾತ ಈಜುವುದಕ್ಕೆ) ಪುಟ್ಟಿ ತೆಗೆದುಕೊಂಡಿದ್ದು 1 ನಿಮಿಷ 14 ಸೆಕೆಂಡು. ಈ ವರ್ಷದ ಡಿಸೆಂಬರ್ ಹೊತ್ತಿಗೆ 1 ನಿಮಿಷ 9 ಸೆಕೆಂಡಿಗೆ ಬರಬೇಕು ಅನ್ನುತ್ತಾಳೆ. ಐದೇ ಸೆಕೆಂಡು ಅಲ್ವಾ ಅನ್ನಿಸಬಹುದು. ಈಜಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕೂ ಪದಕ ಕೈತಪ್ಪುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್ ಮುಟ್ಟಿದ್ದು 50.58ಕ್ಕೆ, ಮಿಲೊರಾಡ್ ಚಾವಿಚ್ 50.59ಕ್ಕೆ. ಹಾಗಾಗಿ ಒಂದು ವರ್ಷದಲ್ಲಿ ಐದು ಸೆಕೆಂಡು ಇಳಿಸುವುದು ನಿಜಕ್ಕೂ ದೊಡ್ಡ ಮಾತೇ.

ಆದರೆ ಆ ಸೆಕೆಂಡುಗಳು ಎಲ್ಲಿ ಹೋಗುತ್ತಿವೆ ಅಂತ ಅವಳಿಗೆ ಗೊತ್ತಿದೆ. ರೇಸ್ ಮುಗಿದ ಮೇಲೆ ಕೊಟ್ಟ ಹಾಳೆಯಲ್ಲಿ ಮೊದಲ 50 ಮೀಟರ್‌ಗೆ 34, ಎರಡನೇ 50ಕ್ಕೆ 40 ಅಂತಿತ್ತು. ಕೋಚ್ ಆ 40ರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು. ಬೇರೆ ಈಜುಗಳಲ್ಲಿ ಮೇಲಿನಿಂದ ಹಾರುವುದರಿಂದ ಮೊದಲರ್ಧಕ್ಕೆ ಒಂದಿಷ್ಟು ಲಾಭ ಸಿಗುತ್ತದೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ನೀರಿನೊಳಗಿಂದಲೇ ಶುರು. ಅದಕ್ಕೇ ಎರಡೂ ಅರ್ಧದ ನಡುವೆ ಇಷ್ಟು ಅಂತರ ಇರಬಾರದು. ಮೊದಲರ್ಧ 33.5, ಎರಡನೆಯದು 35.5 ಆದರೆ ಒಟ್ಟು 69, ಅಂದರೆ ಅವಳು ಕೇಳುತ್ತಿರುವ ಟೈಮೇ. ಜಾಸ್ತಿ ಪಾಲು ಎರಡನೇ ಅರ್ಧದಿಂದಲೇ ಬರಬೇಕು.

ನಾನು ಗ್ಯಾಲರಿಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. 25 ಮೀಟರ್ ಕೊಳ, ಮೂರು ಟರ್ನ್, ಅಂದರೆ ಮೂರು ಸಲ ಗೋಡೆ ಹತ್ತಿರ ತಿರುಗಿ ವಾಪಸ್ ಬರಬೇಕು. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಅಡ್ಡಲಾಗಿ ಬಣ್ಣದ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲ. ಬಾವುಟ ಕಂಡ ಮೇಲೆ ಕೈ ಬೀಸುವುದನ್ನು ಎಣಿಸಿಕೊಂಡು, ಮಗ್ಗುಲು ತಿರುಗಿ ಬೋರಲಾಗಿ, ಒಂದೇ ಸಲ ನೀರು ಎಳೆದು ಲಾಗ ಹಾಕಬೇಕು. ಮೊದಲ ಟರ್ನ್ ಹಾಗೇ ಮಾಡಿದಳು, ನೋಡೋಕೆ ಖುಷಿಯಾಯಿತು. ಮೂರನೆಯದಕ್ಕೆ ಬರುವಾಗ ಸುಸ್ತಾಗಿತ್ತು. ಎಣಿಕೆಯ ಮೇಲೆ ನಂಬಿಕೆ ಸಾಲದೆ ಕತ್ತು ಹೊರಳಿಸಿ ಗೋಡೆ ಹುಡುಕಿದಳು. ತಲೆ ತಿರುಗಿದ ಕೂಡಲೇ ಸೊಂಟ ಕೆಳಗೆ ಇಳಿಯಿತು, ವೇಗ ಅಲ್ಲೇ ಹೋಯಿತು.

ಗೋಡೆ ಒದ್ದ ಮೇಲಿನದ್ದು ಇನ್ನೂ ಮುಖ್ಯ. ಒದ್ದ ಕ್ಷಣದಲ್ಲೇ ಮೈಗೆ ಎಲ್ಲಕ್ಕಿಂತ ಜಾಸ್ತಿ ವೇಗ ಇರುತ್ತದೆ, ನೀರಿನಡಿ ಅಲೆಯ ತಡೆಯೂ ಕಮ್ಮಿ. ಎರಡೂ ಕಾಲು ಜೋಡಿಸಿ ಡಾಲ್ಫಿನ್ ಕಿಕ್ ಹೊಡೆಯುತ್ತಾ ಹೋದರೆ ಆ ವೇಗ ಉಳಿಯುತ್ತದೆ. ನಿಯಮದ ಪ್ರಕಾರ 15 ಮೀಟರ್‌ವರೆಗೆ ನೀರಿನಡಿ ಇರಬಹುದು, ಅಷ್ಟರಲ್ಲಿ ತಲೆ ಮೇಲೆ ಬರಬೇಕು. ಪುಟ್ಟಿ ಮೊದಲ ಟರ್ನ್ ಆದ ಮೇಲೆ ಐದು ಕಿಕ್ ಹೊಡೆದಳು. ಕೊನೆಯದರಲ್ಲಿ ಎರಡೇ. ಉಸಿರು ಬೇಕಾದಾಗ ನೀರಿನಡಿ ಉಳಿಯುವುದು ಕಷ್ಟ ಅಪ್ಪಾ, ದೊಡ್ಡವರಿಗೂ ಕಷ್ಟ. ಆದರೆ ಅದು ಅಭ್ಯಾಸದಿಂದ ಬರುವಂಥದ್ದು.

ಹೊಸ ವರ್ಷದ ದಿನ ಅವಳು ಗುರಿ ಬರೆದಿದ್ದೂ ಹೀಗೇ. ಮೇಲೆ ದೊಡ್ಡದಾಗಿ 1:09. ಅದರ ಕೆಳಗೆ, ಪ್ರ್ಯಾಕ್ಟೀಸ್‌ನಲ್ಲಿ ಪ್ರತಿ ಟರ್ನ್ ಆದ ಮೇಲೂ ಐದು ಕಿಕ್, ವಾರ್ಮ್ ಅಪ್‌ನಲ್ಲೂ ಬಿಡುವ ಹಾಗಿಲ್ಲ. ಬಾವುಟ ಕಂಡ ಮೇಲೆ ಕತ್ತು ತಿರುಗಿಸುವ ಹಾಗಿಲ್ಲ. ಬೆಳಿಗ್ಗೆ ಬೇಗ ಈಜುಕೊಳಕ್ಕೆ ಹೋಗುವ ದಿನಗಳ ಹಿಂದಿನ ರಾತ್ರಿ ಒಂಬತ್ತರ ಒಳಗೆ ಮಲಗಬೇಕು. ಈ ಕೊನೆಯದು ನನಗೆ ತುಂಬಾ ಇಷ್ಟವಾಯಿತು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು, ನಾನು ಹೇಳಿದರೆ ಕೇಳುತ್ತಿರಲಿಲ್ಲ.

ಕಾಲಿನ ಅಭ್ಯಾಸಕ್ಕೆ ಕೈಯಲ್ಲಿ ಹಿಡಿಯುವ ಕಿಕ್ ಬೋರ್ಡ್ ಹಲಗೆಯ ಮೇಲೂ 1:09 ಅಂತ ಬರೆದುಕೊಂಡಿದ್ದಾಳೆ. ಇದು ಅಮೆರಿಕದ ಈಜುಗಾರ್ತಿ ಕೇಟೀ ಲೆಡೆಕಿ ಕಥೆ ಓದಿ ಬಂದಿದ್ದು. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲು ಲೆಡೆಕಿ ತನ್ನ ಪುಲ್ ಬಾಯ್ (ಅಭ್ಯಾಸದಲ್ಲಿ ಕಾಲುಗಳ ನಡುವೆ ಇಟ್ಟುಕೊಳ್ಳುವ ತೇಲುವ ತುಂಡು) ಮೇಲೆ 565 ಅಂತ ಬರೆದುಕೊಂಡಿದ್ದಳು. 400 ಮೀಟರ್ ಫ್ರೀಸ್ಟೈಲ್‌ಗೆ 3:56, 800ಕ್ಕೆ 8:05, ಅವುಗಳ 56 ಮತ್ತು 5 ಸೇರಿದ್ದೇ ಅದರ ಗುಟ್ಟು. ಕೊನೆಗೆ ರಿಯೊದಲ್ಲಿ 3:56.46 ಮತ್ತು 8:04.79, ಎರಡೂ ವಿಶ್ವ ದಾಖಲೆ. ಹಾಗೆಯೇ ಬ್ರಿಟನ್ನಿನ ಈಜುಗಾರ ಆಡಮ್ ಪೀಟಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ 57 ಸೆಕೆಂಡಿನ ಒಳಗೆ ಬರಬೇಕು ಅಂತ ಗುರಿ ಇಟ್ಟುಕೊಂಡಿದ್ದ. 2019ರಲ್ಲಿ ಗ್ವಾಂಗ್ಜುನಲ್ಲಿ 56.88 ಈಜಿದ. ಇವರೆಲ್ಲ ವರ್ಷಗಟ್ಟಲೆ ಒಂದೇ ಅಂಕಿಯ ಹಿಂದೆ ಬಿದ್ದವರು. ಪುಟ್ಟಿ ಅವರ ಹಾಗೆ ಆಗುತ್ತಾಳೆ ಅಂತಲ್ಲ. ಆದರೆ ಅಂಕಿ ದೊಡ್ಡದಿದ್ದರೆ ಮಾತ್ರ ದಿನದ ಕೆಲಸಕ್ಕೆ ಜೀವ ಬರುತ್ತದೆ ಅನ್ನುವುದು ಅವಳಿಗೆ ಅರ್ಥವಾಗಿದೆ.

ಸಿಗದಿದ್ದರೆ ಅಂತ ಕೇಳಿದಿರಲ್ಲ, ಈ ಮಾರ್ಚ್‌ವರೆಗೆ ಟೈಮ್ ಇಳಿಯದೆಯೂ ಇರಬಹುದು. ಈಗ ಅಭ್ಯಾಸ ಜಾಸ್ತಿ, ಮೈ ದಣಿದಿರುತ್ತದೆ. ದೊಡ್ಡ ಮೀಟ್ ಹತ್ತಿರ ಬಂದಾಗ ಅಭ್ಯಾಸ ಇಳಿಸುತ್ತಾರೆ, ಟೇಪರ್ ಅನ್ನುತ್ತಾರೆ, ಒಳ್ಳೆಯ ಟೈಮ್ ಆಗ ಬರುತ್ತದೆ. ಕೋಚ್ ಇದನ್ನು ಮೊದಲೇ ಅವಳಿಗೆ ಹೇಳಿಟ್ಟಿದ್ದಾರೆ. ಭುಜದ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಈಜುವ ಮಕ್ಕಳಿಗೆ ಭುಜ ನೋವು ಬೇಗ ಬರುತ್ತದೆ. ನೋವು ಅಂದ ದಿನ ನೀರಿಗೆ ಇಳಿಯುವುದೇ ಬೇಡ ಅಂತ ಮೂವರೂ ಕೂತು ಮಾತಾಡಿಕೊಂಡಿದ್ದೇವೆ.

ನಿಮ್ಮಿಂದ ಒಂದೇ ಒಂದು ಸಹಾಯ ಬೇಕು. ಫೋನ್ ಮಾಡಿದಾಗ "ಎಷ್ಟನೇ ಸ್ಥಾನ ಬಂತು ಪುಟ್ಟಿ?" ಅಂತ ಕೇಳಬೇಡಿ. ಪಕ್ಕದ ಲೇನ್‌ನಲ್ಲಿ ಯಾರಿರುತ್ತಾರೆ ಅನ್ನುವುದು ಅವಳ ಕೈಯಲ್ಲಿಲ್ಲ. "ಕೊನೇ ಟರ್ನ್‌ನಲ್ಲಿ ಎಷ್ಟು ಕಿಕ್ ಹೊಡೆದೆ?" ಅಂತ ಕೇಳಿ. ಅಜ್ಜನಿಗೆ ಇದೆಲ್ಲ ಗೊತ್ತಾ ಅಂತ ಅವಳ ಕಣ್ಣು ಅರಳುತ್ತದೆ ನೋಡಿ.

ತಿಂಗಳ ಕೊನೆಗೆ ಮುಂದಿನ ಮೀಟ್. ರೇಸ್‌ನ ಹಾಳೆ ಕೈಗೆ ಸಿಕ್ಕ ಕೂಡಲೇ ಫೋಟೋ ಕಳಿಸುತ್ತೇನೆ. ಎರಡನೇ 50ರ ಅಂಕಿ 40ಕ್ಕಿಂತ ಕಮ್ಮಿ ಇದ್ದರೆ, ಅಲ್ಲಿ ಎಷ್ಟೇ ಹೊತ್ತಾಗಿದ್ದರೂ ಅವಳಿಗೆ ಫೋನ್ ಮಾಡಿ.

ನಿಮ್ಮ ಪ್ರೀತಿಯ ಮಗಳು